ಲಾನು ಕಿತ್ತ ಮಾಲಿ

ಕಳೆದ ಮಂಗಳವಾರ ನಮ್ಮ ಬಿಲ್ಡಿಂಗಿನ ಲಿಫ್ಟಿನ ಪಕ್ಕ ಯಾರೋ ಆರು ಗಿಡಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ತಂದಿಟ್ಟಿದ್ದರು. ಲಿಫ್ಟು ತಡವಾಯಿತು. ಕೈ ಸುಮ್ಮನಿರದೆ ಒಂದು ಎಲೆ ಚಿವುಟಿ ಬೆರಳಲ್ಲಿ ಹೊಸಕಿದೆ. ಲಕ್ಕಿ ಗಿಡ. ಮೆಣಸು, ಹೊಗೆ, ಹಳೆಯ ಔಷಧಿ ಬಾಟಲಿಯ ಬಿರಡೆ, ಮೂರೂ ಸೇರಿದಂಥ ವಾಸನೆ. ನಾಲ್ಕನೆಯ ಮಹಡಿ ತಲುಪುವಷ್ಟರಲ್ಲಿ ನಾನು ಬಾಂದ್ರಾದ ಒಂದು ಬಂಗಲೆಯ ಗ್ಯಾರೇಜಿನ ಹಿಂದೆ ನಿಂತಿದ್ದೆ. ಅಲ್ಲೊಬ್ಬ ಹೆಂಗಸು ಕಂಬಳಿ ಮುಸುಕು ಹಾಕಿಕೊಂಡು ಲಕ್ಕಿ ಸೊಪ್ಪಿನ ಆವಿ ತೆಗೆದುಕೊಳ್ಳುತ್ತ ಕೆಮ್ಮುತ್ತಿದ್ದಳು. ಅವಳ ಗಂಡ, ಆ ಬಂಗಲೆಯ ಮಾಲಿ, ಹೊರಗೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಖುರ್ಪಿ ಮಸೆಯುತ್ತಿದ್ದ…

ಹೀಗೆ ಬರೆದರೆ ನೆನಪು ಲಿಫ್ಟಿನ ಹಾಗೆ ನೇರ ಮೇಲಕ್ಕೆ ಬಂತು ಅನ್ನಿಸುತ್ತದೆ. ಹಾಗೇನೂ ಆಗಲಿಲ್ಲ. ಆವತ್ತು ಬಂದದ್ದು ವಾಸನೆಯಷ್ಟೇ. ಅದು ಎಲ್ಲಿಯದೆಂದು ಎರಡು ದಿನ ತಡಕಾಡಿದೆ. ಮಾಲಿ ಬಂದದ್ದು ಗುರುವಾರ, ಹಲ್ಲುಜ್ಜುವಾಗ. ಅವನ ಮುಖ ಈಗಲೂ ಬಂದಿಲ್ಲ. ಬಂದಿರುವುದು ಹಿಮ್ಮಡಿಗಳು ಮಾತ್ರ. ಕೂತು ಕೂತು ಹಿಂದಕ್ಕೆ ಸರಿಯುವವನ ಹಿಮ್ಮಡಿ, ಒಡೆದು ಮಣ್ಣು ತುಂಬಿಕೊಂಡದ್ದು.

ಬಂಗಲೆಯ ಮುಂದೆ ಲಾನು ಇತ್ತು. ಎರಡು ಬ್ಯಾಡ್ಮಿಂಟನ್ ಕೋರ್ಟಿನಷ್ಟು ಅಗಲದ ಹುಲ್ಲು. ಯಜಮಾನತಿಯ ಗಂಡ ಬದುಕಿದ್ದಾಗ ಹಾಕಿಸಿದ್ದು. ಅವರು ಯಾವುದೋ ದೊಡ್ಡ ಕಂಪನಿಯಲ್ಲಿ ಮೇಲಿನ ಅಧಿಕಾರಿಯಾಗಿದ್ದರಂತೆ, ಸಂಜೆ ಬೆತ್ತದ ಕುರ್ಚಿ ಹಾಕಿಕೊಂಡು ಬರಿಗಾಲಲ್ಲಿ ಕೂರುತ್ತಿದ್ದರಂತೆ. ನಾನು ಅವರನ್ನು ನೋಡಿಲ್ಲ. ಅರವತ್ತೆಂಟರಲ್ಲಿ ನಾನು ಮೈಸೂರಿನಿಂದ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದು ಗ್ಯಾರೇಜಿನ ಮೇಲಿನ ಎರಡು ರೂಮು ಬಾಡಿಗೆಗೆ ಹಿಡಿದಾಗ ಆ ಕುರ್ಚಿ ವರಾಂಡದಲ್ಲಿ ಖಾಲಿ ಇತ್ತು. ಕೆಳಗೆ, ಗ್ಯಾರೇಜಿಗೆ ಹೊಂದಿಕೊಂಡ ಒಂದು ಖೋಲಿಯಲ್ಲಿ, ಮಾಲಿ ಮತ್ತು ಅವನ ಹೆಂಡತಿ ಇದ್ದರು. ಬಿಜಾಪುರದ ಕಡೆಯವರು. ಮಕ್ಕಳಿರಲಿಲ್ಲ.

ಮೊದಲ ದಿನ ನನ್ನ ಮಾತು ಕೇಳಿ ಅವನು ನಕ್ಕ. “ನಿಮ್ಮ ಮೈಸೂರ್ ಮಾತಿಗಿ ಬೆಣ್ಣಿ ಹಚ್ಚಿರ್ತಾರೇನ್ರಿ ಸಾಹೇಬ್ರ? ಗಂಟಲದಾಗ ಜಾರಿ ಹೊಕ್ಕಾವ, ಹೊಟ್ಟಿಗಿ ಹತ್ತಂಗಿಲ್ಲ.”

ಬೆಳಗಿನಿಂದ ಅವನ ಕೆಲಸ ಲಾನಿನಲ್ಲಿ ಕೂತು ಕಳೆ ಕೀಳುವುದು. ಒಂದು ಗೇಣು ಕಿತ್ತು ಒಂದು ಗೇಣು ಹಿಂದಕ್ಕೆ. ಕಿತ್ತದ್ದರಲ್ಲಿ ಗೋಳಿ, ಕಿರಕಸಾಲಿ, ಕೊಮ್ಮಿ ಸೊಪ್ಪುಗಳನ್ನು ಬೇರೆ ಮಾಡಿ ಒಂದು ಒಡಕು ಹಂಚಿನ ಮೇಲೆ ಇಡುತ್ತಿದ್ದ. ಅವನ ಹೆಂಡತಿ ಅದನ್ನು ಬೇಳೆಗೆ ಹಾಕಿ ಪಲ್ಯ ಮಾಡುತ್ತಿದ್ದಳು. ಒಂದೊಂದು ದಿನ ನಮಗೂ ಬರುತ್ತಿತ್ತು. “ನೋಡ್ರಿ ಸಾಹೇಬ್ರ ಈ ಊರಿನ ಕಥಿ,” ಅನ್ನುತ್ತಿದ್ದ. “ತಿನ್ನೂದೆಲ್ಲಾ ಕಿತ್ತ ಒಗೀಬೇಕು. ತಿನ್ನಾಕ ಬಾರದ್ದಕ್ಕ ನೀರ ಹಾಕಬೇಕು.”

ಅವನ ಹೆಂಡತಿಯ ಎದೆಯಲ್ಲಿ ರೋಗ ಇದೆಯೆಂದು ಗೊತ್ತಾದದ್ದು ಯಾವಾಗ ಎಂದು ಸರಿಯಾಗಿ ನೆನಪಿಲ್ಲ. ಲಾನು ಕೀಳುವ ಮೊದಲೇ ಕೆಮ್ಮು ಇತ್ತು, ಔಷಧ ಶುರುವಾದದ್ದು ಆಮೇಲೆ. ದಿನ ಬಿಟ್ಟು ದಿನ ಮುನಿಸಿಪಾಲಿಟಿ ದವಾಖಾನೆಯಲ್ಲಿ ಸೂಜಿ. ಒಂದೂವರೆ ವರ್ಷ ತಪ್ಪಿಸಬಾರದು ಎಂದಿದ್ದರು. ದವಾಖಾನೆ ಬಂಗಲೆಯಿಂದ ಹತ್ತು ನಿಮಿಷದ ದಾರಿ. ಅವಳು ನಡುವೆ ಎರಡು ಕಡೆ ಕೂತು, ಇಪ್ಪತ್ತು ನಿಮಿಷಕ್ಕೆ ತಲುಪುತ್ತಿದ್ದಳು. ಆ ಖೋಲಿಯ ಬೆಲೆ ಅಷ್ಟು: ಇಪ್ಪತ್ತು ನಿಮಿಷ.

ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಬೇಸಿಗೆಯಲ್ಲಿ ನಲ್ಲಿ ಬೆಳಿಗ್ಗೆ ಒಂದು ಗಂಟೆ ಬಂದರೆ ಹೆಚ್ಚು. ಲಾನಿಗೆ ಪೈಪು ಹಿಡಿಯುವ ಮಾತೇ ಇಲ್ಲ. ಮಾಲಿ ನಮ್ಮೆಲ್ಲರ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹೊತ್ತು ಸುರಿದ. ಹುಲ್ಲಿಗೆ ಸೋಪಿನ ವಾಸನೆ ಬಂತೇ ಹೊರತು ಹಸಿರು ಬರಲಿಲ್ಲ. ಮೇ ಹೊತ್ತಿಗೆ ಲಾನು ಕಜ್ಜಿ ನಾಯಿಯ ಬೆನ್ನಿನ ಹಾಗೆ ಅಲ್ಲಲ್ಲಿ ಕೂದಲು, ಅಲ್ಲಲ್ಲಿ ಚರ್ಮ.

ಹುಲ್ಲು ಕಿತ್ತುಹಾಕಿ ಈ ಮಣ್ಣಿನದೇ ಗಿಡ ನೆಡೋಣ ಎಂದು ಮೊದಲು ಹೇಳಿದವರು ಯಾರು? ಯಜಮಾನತಿ ತನ್ನ ಇಸ್ಪೀಟಿನ ಗೆಳತಿಯರಿಗೆ ತನ್ನದೇ ಯೋಚನೆ ಎಂದಳು. ನಾನು ಆಫೀಸಿನಲ್ಲಿ ನನ್ನದೆಂದೆ. ನಿಜ ಹೇಳಬೇಕೆಂದರೆ, ಒಣಗಿದ ಹುಲ್ಲಿನ ಮೇಲೆ ಕೂತು “ಇಲ್ಲಿ ಕವಳಿ ಕಂಟಿ ಹಚ್ಚಿದ್ರ ಹೆಂಗ್ ಬರ್ತಿತ್ತು” ಎಂದು ಗೊಣಗಿದವನು ಅವನೊಬ್ಬನೇ. ನಾವಿಬ್ಬರೂ ಅದನ್ನು ಕದ್ದೆವು.

ಅವನ ಹಿಂದಿ “ಪೈಪ್ ಲಾವ್, ಗಮಲಾ ಉಠಾವ್” ಮಟ್ಟದ್ದು. ಗಿಡದ ವಿಷಯ ಬಂದರೆ ಬಾಯಿಗೆ ಬರುತ್ತಿದ್ದದ್ದು ಬಿಜಾಪುರವೇ. ಹಾಗಾಗಿ ಒಂದು ಭಾನುವಾರ ವರಾಂಡಕ್ಕೆ ನನ್ನನ್ನೂ ಕರೆದರು. ಯಜಮಾನತಿ ಗಂಡನ ಬೆತ್ತದ ಕುರ್ಚಿಯಲ್ಲಿ, ಮಾಲಿ ಮೆಟ್ಟಿಲ ಕೆಳಗೆ, ನಾನು ನಡುವೆ. ಅವನು ಬೆರಳು ಮಡಿಸಿ ಹೇಳುತ್ತ ಹೋದ: ಲಕ್ಕಿ, ಆಡಸೋಗಿ, ಗೋರಂಟಿ, ಕವಳಿ, ಕೇಪಳ, ನೀರು ಹರಿಯುವ ಕಡೆಗೆ ಲಾವಂಚ. ನಾನು ಇಂಗ್ಲಿಷಿಗೆ ದಾಟಿಸುತ್ತ ಹೋದೆ. ಅರ್ಧದ ಹೆಸರು ನನಗೂ ಗೊತ್ತಿರಲಿಲ್ಲ.

“ಪೂಛೋ ಇಸ್ಕೋ, ಪಾನಿ ಕಿತನಾ ಲಗೇಗಾ?” ಎಂದಳು. ನೀರೆಷ್ಟು ಬೇಕಾಗುತ್ತದೆ ಎಂಬುದೊಂದೇ ಅವಳ ಚಿಂತೆ.

ಅವನು ಎದೆ ಸೆಟೆಸಿದ. ಅವನಿಗೆ ಅದು ತನ್ನ ವಿದ್ಯೆಯ ಪ್ರಶ್ನೆ. “ಎರಡ ಮಳಿ ಹಿಡದ್ವು ಅಂದ್ರ ಮುಗೀತ್ರಿ. ಆಮ್ಯಾಲೆ ನೀರೂ ಬ್ಯಾಡ, ನಾನೂ ಬ್ಯಾಡ.”

ಹೇಳಿ ನಕ್ಕ. ನಾನು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಯಜಮಾನತಿಯೂ ನಕ್ಕಳು. ಮೂವರೂ ನಕ್ಕೆವು.

ಕೊನೆಯ ಆ ಎರಡು ಪದಗಳನ್ನು ಬಿಡಬಹುದಿತ್ತು. ನೀರು ಬೇಡವಂತೆ ಎಂದು ನಿಲ್ಲಿಸಬಹುದಿತ್ತು. ಕೇಳಿದ್ದು ನೀರಿನ ವಿಷಯ. ಆದರೆ ಮಾತು ಚೆನ್ನಾಗಿತ್ತು, ಚೆನ್ನಾದ ಮಾತನ್ನು ಬಿಡುವುದು ನನ್ನಿಂದಾಗದು. ಇನ್ನೂ ಕೆಟ್ಟ ಅನುಮಾನವೊಂದಿದೆ. ಆ ಎರಡು ಪದ ಅವನು ಹೇಳಿದ್ದೇ ಹೌದೋ, ಅಥವಾ ಅವನು ನೀರಿಗೇ ನಿಲ್ಲಿಸಿದ್ದನ್ನು ನಾನು ಇಂಗ್ಲಿಷಿನಲ್ಲಿ ತುಸು ಮೆರುಗು ಕೊಟ್ಟು ಮುಗಿಸಿದೆನೋ? ಅವನ ದನಿಯಲ್ಲಿ ಆ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತದೆ. ಎಷ್ಟು ಸ್ಪಷ್ಟವೆಂದರೆ, ನಂಬಲಾಗದಷ್ಟು.

ಜೂನಿನ ಮೊದಲ ಮಳೆ ಬಿದ್ದ ಮೇಲೆ ಅವನು ಹಾರೆ ಹಿಡಿದು ಲಾನು ಕಿತ್ತ. ಮೂರು ದಿನ. ಎಂಟು ವರ್ಷ ಸಾಕಿದ ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಗೇಟಿನ ಹೊರಗಿಟ್ಟ. ದುಃಖವಾಯಿತೇ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, “ಎದಕ್ರಿ ಅಕ್ಕಾರ? ಇದೇನ್ ನನ್ನ ಮಾರಿ ನೋಡಿತ್ತೇನು ಒಂದಿನ?” ಎಂದ. ಮಾರಿ ಅಂದರೆ ಅವರ ಕಡೆ ಮುಖ.

ಆಮೇಲೆ ಪ್ರತಿ ದಿನ ಬೆಳಗಿನ ಲೋಕಲ್ ಹಿಡಿದು ದಹಿಸರ್‌ಗೆ ಹೋಗುತ್ತಿದ್ದ. ಆಗ ದಹಿಸರ್ ಅಂದರೆ ಸ್ಟೇಷನ್ನು, ನಾಲ್ಕು ಚಾಳು, ಹೊಳೆ, ಅದರಾಚೆ ಕುರುಚಲು ಗುಡ್ಡ. ಅಲ್ಲಿಂದ ಗೋಣಿಚೀಲದಲ್ಲಿ ಸಸಿಗಳನ್ನು ಬುಡದ ಮಣ್ಣಿನ ಸಮೇತ ತರುತ್ತಿದ್ದ. ಪ್ರತಿ ಸಸಿಯ ಕಾಂಡದ ಮೇಲೆ ಒಂದು ಬಿಳಿ ಚುಕ್ಕೆ. ತಂಬಾಕಿನ ಜೊತೆ ಇಟ್ಟುಕೊಳ್ಳುವ ಸುಣ್ಣದ ಡಬ್ಬಿಯಿಂದ ಬೆರಳಲ್ಲಿ ಇಟ್ಟದ್ದು. ಅಗೆಯುವ ಮೊದಲು ಗಿಡದ ಯಾವ ಮಗ್ಗುಲು ಮೂಡಲಿಗಿದೆ ನೋಡಿ ಅಲ್ಲಿ ಚುಕ್ಕೆ ಇಡುವುದು. ಇಲ್ಲಿ ನೆಡುವಾಗ ಆ ಚುಕ್ಕೆ ಮತ್ತೆ ಮೂಡಲಿಗೇ ಬರಬೇಕು. ಅವನು ಗಿಡವನ್ನು ಗುಂಡಿಯಲ್ಲಿ ಮೆಲ್ಲಗೆ ತಿರುಗಿಸುತ್ತ, ಸೂರ್ಯ ಹುಟ್ಟುವ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತ, ಮತ್ತೊಂದಿಷ್ಟು ತಿರುಗಿಸುತ್ತಿದ್ದ. “ಊರ ಬಿಡಿಸಿದ್ರ ಬಿಡಿಸ್ರಿ,” ಎಂದ ನನ್ನ ಹೆಂಡತಿಗೆ. “ಮಾರಿ ತಿರುವಬಾರ್ದು. ಮಾರಿ ತಿರುವಿದ್ರ ಬದುಕಂಗಿಲ್ಲ.”

ನನ್ನ ಹೆಂಡತಿ ಆ ಚುಕ್ಕೆಗಳನ್ನು ಎಣಿಸುತ್ತಿದ್ದಳು. ಎಂಬತ್ತೋ ತೊಂಬತ್ತೋ. ಒಂದು ಮಳೆಗೆ ಎಲ್ಲ ಅಳಿಸಿಹೋದವು.

ಎರಡು ಮಳೆಗಾಲ ಕಳೆಯಿತು. ನಡುವಿನ ಬೇಸಿಗೆಯಲ್ಲಿ ಅವನು ಬಕೆಟ್ಟು ಹೊತ್ತ, ಬುಡಕ್ಕೆ ತರಗೆಲೆ ಮುಚ್ಚಿದ, ಲಕ್ಕಿಯ ಚಿಗುರನ್ನು ಹೆಂಡತಿಯ ಆವಿಗೆ ಕುಯ್ದ. ಎಪ್ಪತ್ನಾಲ್ಕರ ದಸರೆಯ ಹೊತ್ತಿಗೆ ಬಂಗಲೆಯ ಮುಂದೆ ಲಾನು ಇತ್ತೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಗೋರಂಟಿ ಹೂ ಬಿಟ್ಟಿತು. ಎಲ್ಲಿಂದಲೋ ಪಿಕಳಾರ ಹಕ್ಕಿಗಳು ಬಂದವು. ನೋಡಲು ಬಂದವರಿಗೆ ಯಜಮಾನತಿ ಇಂಗ್ಲಿಷಿನಲ್ಲಿ ನಾನು ಹೇಳಿಕೊಟ್ಟ ಅದೇ ವಾಕ್ಯ ಹೇಳುತ್ತಿದ್ದಳು, ಕೊನೆಯ ಎರಡು ಪದಗಳ ಸಮೇತ. ಹೇಳಿ ಹೇಳಿ ಅವಳಿಗೆ ಅದು ನಿಜವಾಯಿತು. ನಿಜವೇ ಆಗಿತ್ತು, ಅದೇ ತೊಂದರೆ.

ದೀಪಾವಳಿ ಮುಗಿದ ಮೇಲೆ ನನ್ನನ್ನು ಕರೆದಳು. ಮಾಲಿಗೆ ಇನ್ನು ಇಲ್ಲಿ ಕೆಲಸವೇನಿದೆ? ಖೋಲಿಗೆ ಡ್ರೈವರ್ ಒಬ್ಬ ಬರುವವನಿದ್ದಾನೆ. “ನಿಮ್ಮ ಭಾಷೆಯಲ್ಲಿ ಮೆತ್ತಗೆ ಹೇಳಿ,” ಎಂದಳು. ಅವಳು ಕೆಟ್ಟವಳಾಗಿದ್ದರೆ ಈ ಲೇಖನ ನನಗೆ ಸುಲಭವಾಗುತ್ತಿತ್ತು. ಕೆಟ್ಟವಳಲ್ಲ. ಅವನಿಗೆ ಕೋಟು ಹೊಲಿಸಿಕೊಟ್ಟಿದ್ದಳು, ಅವನ ಹೆಂಡತಿಗೆ ಮೊಟ್ಟೆ ಕಳಿಸುತ್ತಿದ್ದಳು.

ನಾನು ಮೆತ್ತಗೆ ಹೇಳಿದೆ, ಬೆಣ್ಣೆ ಹಚ್ಚಿ. ಅವನು ಖುರ್ಪಿಯ ಮಣ್ಣನ್ನು ಹೆಬ್ಬೆರಳಲ್ಲಿ ಸವರುತ್ತ ಕೇಳಿಸಿಕೊಂಡ. “ಅಕಿನ ಸೂಜಿ ಇನ್ನಾ ಐದ ತಿಂಗಳ ಅದಾವ್ರಿ,” ಎಂದ. “ಅವ್ ಮುಗಿಯೂ ತನಕ ಖೋಲಿ ಇರ್ಲಿ ಅಂತ ಕೇಳ್ರಿ. ಪಗಾರ ಬ್ಯಾಡ.”

ಕೇಳಿದೆ. ಡಿಸೆಂಬರಿನ ತನಕ ಇರಲಿ, ಅದರಾಚೆ ಆಗದು ಎಂದಳು. ಬರಿಗೈಯಲ್ಲಿ ಮೆಟ್ಟಿಲಿಳಿಯಲು ನಾಚಿಕೆಯಾಗಿ ನಾನೊಂದು ಕರಾರು ಹೂಡಿದೆ: ಬೇಸಿಗೆ ಕಳೆಯಲಿ, ಮಾಲಿಯಿಲ್ಲದೆ ಗಿಡ ಒಣಗಿದರೆ ಅವನನ್ನು ವಾಪಸ್ ಕರೆಸಿ ಖೋಲಿ ಕೊಡಬೇಕು. ಅವಳು ಯೋಚಿಸಿ, ಮೇ ತಿಂಗಳಲ್ಲಿ ಬಂದು ನೋಡಲಿ, ನ್ಯಾಯವಾದ ಮಾತು ಎಂದಳು. ನನಗೆ ನನ್ನ ಬಗ್ಗೆ ಹೆಮ್ಮೆಯಾಯಿತು. ಮೇಲೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

“ಏನು ಮಾಡಿ ಬಂದ್ರಿ ಗೊತ್ತೇನ್ರೀ?” ಎಂದಳು, ತಲೆಯೆತ್ತದೆ. “ಅವನ ಗಿಡ ಸಾಯಲಿ ಅಂತ ಅವನ ಕೈಲೇ ಹರಕೆ ಹೊರಿಸಿ ಬಂದ್ರಿ.”

ಜನವರಿಯಲ್ಲಿ ಅವರು ದಹಿಸರ್‌ಗೆ ಹೋದರು. ಹೊಳೆಯ ಪಕ್ಕ ತಗಡಿನ ಜೋಪಡಿ. ಅವನು ಕಲ್ಲು ಒಡೆಯುವ ಕೆಲಸಕ್ಕೆ ಸೇರಿದ. ಅವಳು ಸೂಜಿಗೆಂದು ಲೋಕಲ್ ಹತ್ತಿ ಬಾಂದ್ರಾಕ್ಕೆ ಬರುತ್ತಿದ್ದಳು. ಸೂಜಿಯಾದ ಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು, ರೈಲಿನ ಗರ್ದಿ ಇಳಿಯಲೆಂದು ಕಾಯುತ್ತಿದ್ದಳು. “ಇಳಿಯೂದ ಆಗೂದಿಲ್ರಿ ಅಕ್ಕಾರ, ಜನ ಒಳಗ ನೂಕ್ತಾರ. ಮೊನ್ನಿ ದಾದರಕ್ಕ ಒಯ್ದ ಬಿಟ್ರು,” ಎಂದು ನಗುತ್ತಿದ್ದಳಂತೆ. ನಂತರ ವಾರಕ್ಕೊಮ್ಮೆ ಬಂದಳು. ಫೆಬ್ರವರಿಯ ಕೊನೆಗೆ ಬರುವುದು ನಿಂತಿತು. ಹೋಗಿ ನೋಡಿಕೊಂಡು ಬನ್ನಿ ಎಂದು ಹೆಂಡತಿ ಎರಡು ಸಲ ಹೇಳಿದಳು. ಮೂರು ಸಲ ಇರಬೇಕು. ಆಫೀಸಿನಲ್ಲಿ ರಜೆ ಸಿಗಲಿಲ್ಲ ಎಂದು ನೆನಪು. ಭಾನುವಾರಗಳು ಇದ್ದವು ಎಂಬುದೂ ನೆನಪು…

ಆ ಬೇಸಿಗೆಯಲ್ಲಿ ನಾನು ದಿನಾ ಬೆಳಿಗ್ಗೆ ಗಿಡಗಳನ್ನು ನೋಡುತ್ತಿದ್ದೆ. ಒಂದಾದರೂ ಒಣಗಲಿ ಎಂದು. ಏಪ್ರಿಲಿನಲ್ಲಿ ಎಲೆ ಮುದುಡಿದವು, ನನಗೆ ಆಸೆ ಹುಟ್ಟಿತು. ಆದರೆ ಅವು ಬಿಸಿಲಿಗೆ ಮೈ ಹಿಡಿದುಕೊಂಡಿದ್ದವು, ಅಷ್ಟೇ. ನೀರು ಹಾಕುವವರಿಲ್ಲ, ಕಳೆ ಕೀಳುವವರಿಲ್ಲ. ಕವಳಿ ಕಾಯಿ ಬಿಟ್ಟಿತು. ಒಂದು ಮಧ್ಯಾಹ್ನ ಕುದಿಯುವ ಗಂಜಿ ತಪ್ಪಲೆಯನ್ನು ಹಿಡಿದುಕೊಂಡು ಕೆಳಗಿಳಿದದ್ದೂ ಉಂಟು. ಬುಡಕ್ಕೆ ಸುರಿದರೆ ಎರಡು ದಿನದಲ್ಲಿ ಸಾಯುತ್ತವೆ ಎಂದು ಗೊತ್ತಿತ್ತು. ವರಾಂಡದಲ್ಲಿ ಯಜಮಾನತಿ ಇದ್ದಳು. “ಊಟ ಆಯಿತೇ?” ಎಂದಳು. ಮೋರಿಗೆ ಸುರಿದು ಮೇಲೆ ಬಂದೆ.

ಗೇಟಿನ ಪಕ್ಕ, ಮೂಲೆಯಲ್ಲಿ, ಒಂದೇ ಒಂದು ಕೇಪಳ ತಲೆ ಬಗ್ಗಿಸಿತ್ತು.

ಮೇ ತಿಂಗಳ ಒಂದು ಭಾನುವಾರ ಅವನು ಬಂದ. ನಡುಹಗಲು. ಯಜಮಾನತಿ ಮಲಗಿದ್ದಳು. ಯಜಮಾನತಿ ಕೊಡಿಸಿದ ಕೋಟನ್ನು ಆ ಬಿಸಿಲಿನಲ್ಲಿ ಹಾಕಿಕೊಂಡು ಬಂದಿದ್ದ. ಗೇಟಿನೊಳಗೆ ಕಾಲಿಟ್ಟು ಅಲ್ಲೇ ನಿಂತ. ಆ ಕಣ್ಣು ನನಗೆ ನೆನಪಿದೆ ಎಂದು ಬರೆಯಬೇಕೆನಿಸುತ್ತದೆ. ಇಲ್ಲ. ಬೆನ್ನು ಕಾಣುತ್ತಿತ್ತು. ಒಂದೊಂದೇ ಗಿಡದ ಮುಂದೆ ಕೂತು, ಎಲೆ ಮಗುಚಿ ನೋಡಿ, ಎದ್ದು ಮುಂದಿನದಕ್ಕೆ ಹೋದ. ನಾನೂ ಹೆಂಡತಿಯೂ ಇಳಿದು ಬಂದೆವು.

“ಛಲೋ ಬಂದಾವ್ರಿ,” ಎಂದ. ತನ್ನ ಮೇಲಿನ ತೀರ್ಪನ್ನು ತಾನೇ ಓದುವವನ ಹಾಗೆ.

ನನ್ನ ಹೆಂಡತಿ ದನಿ ತಗ್ಗಿಸಿ, “ಎಲ್ಲಾ ಬಂದಿಲ್ಲ. ಆ ಮೂಲೇದು ನೋಡಿ, ಒಣಗ್ತಾ ಇದೆ. ಅವರನ್ನ ಎಬ್ಬಿಸ್ತೀನಿ, ಅದನ್ನೇ ತೋರ್ಸಿ. ಒಂದೊಂದಾಗಿ ಹಿಂಗೇ ಹೋಗ್ತವೆ ಅಂತ ನಾನೂ ಹೇಳ್ತೀನಿ,” ಎಂದಳು.

ಅವನು ಕೇಪಳದ ಮುಂದೆ ಕೂತ. ಬುಡದ ಮಣ್ಣು ಕೆದರಿದ. “ಇದರ ಮಾರಿ ತಪ್ಪೇತ್ರಿ. ಅವತ್ತ ಮಳಿಗಿ ಚುಕ್ಕಿ ಅಳಸಿತ್ತು, ಅಂದಾಜಿಲೆ ಹಚ್ಚಿದ್ದೆ.” ಮತ್ತೆ, “ಕುಡ್ಯಾಕ ಒಂದಿಷ್ಟ್ ನೀರ್ ಕೊಡ್ರಿ ಅಕ್ಕಾರ.”

ಹೆಂಡತಿ ಹಿತ್ತಾಳೆ ಲೋಟದಲ್ಲಿ ತಂದಳು. ಅರ್ಧ ಕುಡಿದ. ಉಳಿದರ್ಧವನ್ನು ಆ ಗಿಡದ ಬುಡಕ್ಕೆ ಸುರಿದ.

“ಅಯ್ಯೋ, ಯಾಕೆ ಹಾಕಿದ್ರಿ?” ಎಂದಳು ಹೆಂಡತಿ.

“ಅಕಿ ಇಲ್ರಿ ಅಕ್ಕಾರ. ಹೋಳಿ ಹುಣ್ಣಿವಿ ಮುಂದ ಹ್ವಾದ್ಳು. ಖೋಲಿ ತಗೊಂಡ್ ಏನ್ ಮಾಡ್ಲಿ?”

ಲೋಟವನ್ನು ಮೆಟ್ಟಿಲ ಮೇಲೆ ಬೋರಲು ಇಟ್ಟ. ಯಜಮಾನತಿಯನ್ನು ಎಬ್ಬಿಸಬೇಡಿ ಎಂದ. ಹೋದ. ಆಮೇಲೆ ಅವನನ್ನು ನಾನು ನೋಡಲಿಲ್ಲ.

ಆ ಅರ್ಧ ಲೋಟ ನೀರು ನನಗೆ ತುಂಬ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಅದರ ಮೇಲೆ ನಂಬಿಕೆಯಿಲ್ಲ. ವರ್ಷಗಳ ಮೇಲೆ ಒಮ್ಮೆ ಇದನ್ನು ಯಾರಿಗೋ ಹೇಳುತ್ತಿದ್ದಾಗ ಹೆಂಡತಿ ತಡೆದಳು. “ಸುರೀಲಿಲ್ಲ ಕಣ್ರೀ. ಕೈ ನಡುಗ್ತಿತ್ತು, ಚೆಲ್ಲಿಹೋಯ್ತು. ನಾನು ‘ಯಾಕೆ ಹಾಕಿದ್ರಿ’ ಅಂದದ್ದು ಆ ಕೋಟಿಗೆ. ಆ ಸೆಖೇಲಿ ಯಾಕೆ ಕೋಟು ಹಾಕಿದ್ರಿ ಅಂತ.” ನಾನು ವಾದಿಸಿದೆ. ಅವಳು ಬಿಟ್ಟುಕೊಡಲಿಲ್ಲ. ನನ್ನದು ನಿಜವಾದರೆ ಅವನು ದೊಡ್ಡ ಮನುಷ್ಯನಾಗುತ್ತಾನೆ, ನಾನು ಅದಕ್ಕೆ ಸಾಕ್ಷಿಯಾಗುತ್ತೇನೆ. ಅವಳದು ನಿಜವಾದರೆ, ಹೆಂಡತಿ ಸತ್ತ ಒಬ್ಬ ಕಲ್ಲುಕುಟಿಗ ಬಿಸಿಲಲ್ಲಿ ನಡುಗುತ್ತ ನಿಂತಿದ್ದ, ಅಷ್ಟೇ. ಈಗ ಕೇಳೋಣವೆಂದರೆ ಅವಳೂ ಇಲ್ಲ. ಆರು ವರ್ಷವಾಯಿತು.

ಕೇಪಳ ಬದುಕಿತೋ ಸತ್ತಿತೋ ನೆನಪಿಲ್ಲ. ಉಳಿದವೆಲ್ಲ ಬದುಕಿದವು. ಎಪ್ಪತ್ತೆಂಟರಲ್ಲಿ ನಾವು ಬಾಂದ್ರಾ ಬಿಡುವಾಗ ಲಕ್ಕಿ ನಮ್ಮ ಕಿಟಕಿಯ ಎತ್ತರಕ್ಕೆ ಬಂದಿತ್ತು. ನಮಗೆ ಕೈಗೆಟುಕಿದ ಮನೆ ಸಿಕ್ಕಿದ್ದು ದಹಿಸರ್‌ನಲ್ಲಿ. ಬಂದ ಹೊಸತರಲ್ಲಿ ಹೆಂಡತಿ ಹೊಳೆಯ ಪಕ್ಕದ ಜೋಪಡಿಗಳಲ್ಲಿ ವಿಚಾರಿಸಿದಳು. ನಾನು ಸೇತುವೆಯ ಮೇಲೆ ನಿಂತಿದ್ದೆ. ಬಂಗಲೆ ಈಗ ಇಲ್ಲ. ಅಲ್ಲಿ ಹದಿನೆಂಟು ಮಹಡಿ ಇದೆ, ಕೆಳಗೆ ಕಾರು.

ಲಿಫ್ಟಿನ ಪಕ್ಕದ ಆರು ಗಿಡಗಳು ನಮೂನೆಗೆ ಬಂದವು. ನಮ್ಮ ಸೊಸೈಟಿಯ ಮುಂದಿನ ಲಾನು ತೆಗೆದು ದೇಶಿ ಗಿಡ ಹಾಕುವುದಂತೆ. ಮನೆಮನೆಗೆ ಒಂದು ಹಾಳೆ ಕಳಿಸಿದ್ದಾರೆ. ಎರಡು ಮಳೆಗಾಲದ ನಂತರ ನೀರು ಬೇಡ, ಆರೈಕೆ ಬೇಡ ಎಂದು ಅಚ್ಚು ಮಾಡಿಸಿದ್ದಾರೆ. ಕೆಳಗೆ ಸಹಿಗೆ ಜಾಗ, ಸಲಹೆಗಳಿಗೆ ಮೂರು ಖಾಲಿ ಗೆರೆ. ನಮ್ಮಲ್ಲೂ ಒಬ್ಬ ಮಾಲಿ ಇದ್ದಾನೆ. ಪಂಪ್ ರೂಮಿನಲ್ಲಿ ಮಲಗುತ್ತಾನೆ. ಅವನ ಮನೆಯವರು ಯಾರು, ಎಲ್ಲಿ, ನನಗೆ ಗೊತ್ತಿಲ್ಲ.

ಸಹಿ ಮಾಡಿದೆ. ಆ ಗೆರೆಗಳ ಮೇಲೆ ಬರೆದೆ: ನನಗೆ ಅನುಭವವಿದೆ, ಈ ಗಿಡಗಳಿಗೆ ಎಷ್ಟು ಮಳೆಗಾಲ ಕಳೆದರೂ ದಿನಾ ಒಬ್ಬ ಮಾಲಿ ಬೇಕೇ ಬೇಕು, ಇಲ್ಲದಿದ್ದರೆ ಸಾಯುತ್ತವೆ.

ಸುಳ್ಳು. ಆ ಭಾನುವಾರ ವರಾಂಡದಲ್ಲಿ ಹೇಳಬೇಕಾಗಿದ್ದದ್ದು.

ನಿನ್ನೆ ಲಿಫ್ಟಿನಲ್ಲಿ ಸೊಸೈಟಿಯ ಸೆಕ್ರೆಟರಿ ಸಿಕ್ಕಳು. ಮಂಗಳೂರಿನ ಕಡೆಯವರ ಮಗಳು, ಇಲ್ಲೇ ಹುಟ್ಟಿದವಳು. “ಅಂಕಲ್, ನಿಮ್ಮ ಸಜೆಶನ್ ಓದಿದೆ ಹಾಂ,” ಎಂದಳು. “ಗಾರ್ಡನ್‌ನವರಿಗೆ ಪೂಛಾ ಮೈನೇ. ಅವರು ಹೇಳಿದ್ರು, ಮಾಲಿ ಬೇಡವೇ ಬೇಡ, ಏನೂ ಆಗೋದಿಲ್ಲ ಅಂತ. ಚೆನ್ನಾಗೇ ಬೆಳೀತದಂತೆ.”

“ಹೌದಮ್ಮಾ,” ಎಂದೆ. “ಚೆನ್ನಾಗೇ ಬೆಳೆಯುತ್ತವೆ.”